ಎರಡು ಸೀಟಿ ಅಂದ್ರೆ ರೈಟ್

ನಮ್ಮ ಎಲೆಕ್ಟ್ರಿಕ್ ಕಾರು ಅರ್ಧ ತಾನೇ ಓಡುತ್ತದೆ, ಇನ್ನರ್ಧ ನಾವು ಓಡಿಸಬೇಕು. ಯಾವ ಅರ್ಧ ಯಾರದು ಎಂದು ಷೋರೂಮಿನ ಹುಡುಗನನ್ನು ಕೇಳಿದ್ದಕ್ಕೆ “ಲೆವೆಲ್ ಟೂ ಸಾರ್” ಎಂದು ನಕ್ಕ. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಇದಕ್ಕೆಂದೇ 0ಯಿಂದ 5ರವರೆಗೆ ಮೆಟ್ಟಿಲು ಕಟ್ಟಿಟ್ಟಿದೆ. ಸೊನ್ನೆಯಲ್ಲಿ ಎಲ್ಲವೂ ನಮ್ಮ ತಲೆಮೇಲೆ. ಐದಕ್ಕೆ ಏರಿದರೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕಡ್ಲೆಕಾಯಿ ತಿನ್ನಬಹುದು. ನಮ್ಮದು ಎರಡನೇ ಮೆಟ್ಟಿಲು: ಸ್ಟಿಯರಿಂಗು, ವೇಗ, ಬ್ರೇಕು ಕಾರು ನೋಡಿಕೊಳ್ಳುತ್ತದೆ, ರಸ್ತೆ ಮಾತ್ರ ನಾವು ನೋಡಬೇಕು. ಗುದ್ದಿದರೆ ತಪ್ಪು ನಮ್ಮದು. ಅಂದರೆ ಕೆಲಸ ಅದರದು, ಬೈಗುಳ ನಮ್ಮದು.

ಈ ಸವಲತ್ತುಗಳಿಗೆಲ್ಲ ಸೇರಿಸಿ ಅಡಾಸ್ ಎನ್ನುತ್ತಾರೆ. ಕಾರಿನ ಮೂಗಿನೊಳಗೆ 77 ಗಿಗಾಹರ್ಟ್ಸ್ ರೇಡಾರು, ಮುಂದಿನ ಗಾಜಿನ ಹಿಂದೆ ಕ್ಯಾಮೆರಾ, ಹಿಂಬದಿಯ ಮೂಲೆಗಳಲ್ಲಿ ಮತ್ತೆರಡು ರೇಡಾರು. ಇಷ್ಟು ಕಣ್ಣಿರುವ ಕಾರಿಗೆ ದೃಷ್ಟಿ ತಗುಲಬಾರದೆಂದು ನಾವು ಮಾಡಿಸಿದ ಪೂಜೆಯಲ್ಲಿ ಮೊದಲು ಮುಚ್ಚಿಹೋದದ್ದು ಆ ಕಣ್ಣುಗಳೇ. ಅರ್ಚಕರು ನೀರು ತೊಟ್ಟಿಕ್ಕುವ ಚೆಂಡುಹೂವಿನ ಹಾರವನ್ನು ಸರಿಯಾಗಿ ರೇಡಾರಿನ ಮುಂದೆ ಇಳಿಬಿಟ್ಟರು, ಕ್ಯಾಮೆರಾದ ಮುಂದಿನ ಗಾಜಿಗೆ ವಿಭೂತಿಯ ಮೂರು ಪಟ್ಟೆ ಎಳೆದು ನಡುವೆ ಕುಂಕುಮ ಇಟ್ಟರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತುವ ಮೊದಲೇ ಪರದೆಯ ಮೇಲೆ ಕೆಂಪು ಅಕ್ಷರ: ಮುಂದೆ ಏನೂ ಕಾಣಿಸುತ್ತಿಲ್ಲ, ಒರೆಸಿ. ನಾನು ಕರವಸ್ತ್ರ ತೆಗೆದೆ. “ಮಂಗಳಾರತಿ ಆಗೋವರೆಗೂ ಮುಟ್ಟಬೇಡಿ, ಅಳಿಯಂದ್ರೇ” ಎಂದರು ಮಾವ. ಕಾರು ಕಣ್ಣು ಮುಚ್ಚಿಕೊಂಡೇ ಆರತಿ ತೆಗೆದುಕೊಂಡಿತು. ಭಕ್ತಿಯಿಂದ ಇರಬಹುದು ಎಂದು ಅತ್ತೆ ಮೆಚ್ಚಿದರು.

ಮಾವನ ಪರಿಚಯ ಹೇಳಲೇಬೇಕು. ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರಾಗಿ ನಿವೃತ್ತರಾದವರು. ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ನಿಗಮ ಕೊಟ್ಟ ಬೆಳ್ಳಿ ಪದಕ ಈಗಲೂ ಷೋಕೇಸಿನಲ್ಲಿದೆ. ಅಡಾಸ್‌ನ ಪರೀಕ್ಷಕರಾಗಿ ಅವರೇ ತಮ್ಮನ್ನು ನೇಮಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮದ್ದೂರಿನಾಚೆಯ ಅವರ ಊರಿಗೆ ಹೊರಟೆವು.

ಮೈಸೂರು ರಸ್ತೆಯಲ್ಲೇ ಮೊದಲ ಫೇಲು. ಮುಂದಿನ ಗಾಡಿಗೂ ನಮಗೂ ನಡುವೆ ಇಂತಿಷ್ಟು ಜಾಗ ಉಳಿಸಿಕೊಂಡು ಹೋಗುವುದು ಈ ಕಾರಿನ ಧರ್ಮ. ಜಾಗ ಕಂಡರೆ ನುಗ್ಗುವುದು ಬೆಂಗಳೂರಿನ ಧರ್ಮ. ಒಂದು ಆಟೊ ತೂರಿತು, ನಮ್ಮದು ವಿನಯದಿಂದ ಹಿಂದೆ ಸರಿಯಿತು. ಆ ವಿನಯದ ಜಾಗಕ್ಕೆ ಎರಡು ಸ್ಕೂಟರು ಬಂದವು, ಅವುಗಳ ಬೆನ್ನಿಗೆ ನೀರಿನ ಟ್ಯಾಂಕರು. “ಹಿಂಗೇ ದಾರಿ ಬಿಟ್ಕೊಂಡು ಹೋದ್ರೆ ನಾವು ಮದ್ದೂರು ಸೇರಲ್ಲ, ವಾಪಸ್ ಮೆಜೆಸ್ಟಿಕ್ ಸೇರ್ತೀವಿ” ಎಂದರು ಮಾವ.

ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಕಾರಿಗೆ ಜೀವ ಬಂತು. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ರಸ್ತೆಯ ಬಿಳಿ ಗೆರೆಗಳೂ ನಿಚ್ಚಳ. ಕ್ಯಾಮೆರಾ ಗೆರೆ ನೋಡಿಕೊಂಡು ಸ್ಟಿಯರಿಂಗನ್ನು ತಾನೇ ತಿದ್ದುತ್ತಿತ್ತು. ಆದರೆ ಗೆರೆಯ ಹತ್ತಿರ ಹೋದಾಗಲೆಲ್ಲ ಪೀ ಪೀ ಎಂದು ಎರಡು ಸಲ ಕೂಗುತ್ತಿತ್ತು. ಮಾವ ಥಟ್ಟನೆ ಕೈ ಬೀಸಿ “ರೈಟ್, ಹೋಗಿ” ಎನ್ನುವರು. ಕಂಡಕ್ಟರು ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು ಎಂಬುದು ಅವರ ರಕ್ತದಲ್ಲಿದೆ. ಹುಷಾರು ಎನ್ನಲು ಎರಡು ಸೀಟಿ ಊದುವ ಕಂಡಕ್ಟರನ್ನು ಅವರು ಸರ್ವಿಸಿನಲ್ಲೇ ಕಂಡಿರಲಿಲ್ಲ. ಇದರ ಜೊತೆಗೆ ವೇಗದ ಗಂಟೆ ಬೇರೆ. 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಬಡಿದುಕೊಳ್ಳುವ ಈ ಗಂಟೆ 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಅದು ಒಂದೊಂದೇ ಸಲ ಬಾರಿಸಿದಾಗಲೆಲ್ಲ ಮಾವ ಹೊರಗೆ ಇಣುಕುವರು: “ಯಾರೋ ಇಳೀಬೇಕಂತೆ, ನಿಲ್ಸಿ.”

ನನ್ನ ತಕರಾರು ಬೇರೆಯದು. ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ಕೂತರೂ “ಕೈ ಇಡಿ, ಕೈ ಇಡಿ” ಎಂದು ಕಾರು ಪೀಡಿಸುತ್ತದೆ. ಅದು ನೋಡುವುದು ಕೈಯನ್ನಲ್ಲ, ಸ್ಟಿಯರಿಂಗಿಗೆ ಬೀಳುವ ತಿರುಚುಬಲವನ್ನು. ನೇರ ರಸ್ತೆಯಲ್ಲಿ ನೆಟ್ಟಗೆ ಹಿಡಿದವನು ಅದರ ಲೆಕ್ಕದಲ್ಲಿ ಕೈ ಬಿಟ್ಟವನು. ಹೀಗಾಗಿ ತಾನೇ ಸರಿಯಾಗಿ ಹೋಗುತ್ತಿರುವ ಕಾರನ್ನು ಆಗೊಮ್ಮೆ ಈಗೊಮ್ಮೆ ಸ್ವಲ್ಪ ಕೆಡಿಸಿ, ನಾನೂ ಇದ್ದೇನೆ ಎಂದು ತೋರಿಸಿಕೊಳ್ಳಬೇಕು. ಸರ್ಕಾರಿ ಕಚೇರಿಯಲ್ಲಿ ಇಂಥ ಮೇಲಧಿಕಾರಿಗಳನ್ನು ನೋಡಿದ್ದೇನೆ.

ಊರು ಸೇರಿದ ಮೇಲೆ ಮಾವನಿಗೆ ಬಾಕಿ ಇದ್ದದ್ದು ಒಂದೇ: ತಾನೇ ಬ್ರೇಕು ಹಾಕುವ ವಿದ್ಯೆ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋ ಎನ್‌ಕ್ಯಾಪ್‌ನವರು ಇದಕ್ಕೆ ಕಾಲಾಡಿಸುವ ಬೊಂಬೆಯನ್ನು ಕಾರಿಗೆ ಅಡ್ಡ ಬಿಡುತ್ತಾರೆ ಎಂದೆ. ಮಾವ ಹೊಲಕ್ಕೆ ಹೋಗಿ ಬೆದರುಬೊಂಬೆಯನ್ನೇ ಕಿತ್ತು ತಂದರು. ಅದರ ಮೈಮೇಲಿದ್ದದ್ದು ಮಾವನದೇ ಹಳೇ ಖಾಕಿ ಅಂಗಿ. ಮನೆಯ ಮುಂದಿನ ಖಾಲಿ ಓಣಿಯಲ್ಲಿ ಅದನ್ನು ನೆಟ್ಟು “ಬನ್ನಿ” ಎಂದು ಕೈ ತೋರಿಸಿದರು.

ನಿಧಾನಕ್ಕೇ ಹೋದೆ. ಬೊಂಬೆ ಹತ್ತಿರವಾಯಿತು. ಕಾರು ಬ್ರೇಕು ಹಾಕುವ ಮೊದಲೇ ನನ್ನ ಕಾಲು ಹಾಕಿಬಿಟ್ಟಿತು. ಮತ್ತೆ ಹೋದೆ, ಮತ್ತೆ ಕಾಲೇ ಗೆದ್ದಿತು. ಈ ಸವಲತ್ತು ಕೆಲಸಕ್ಕೆ ಬರುವುದು ನಾವು ಮೈಮರೆತಾಗ. ಪರೀಕ್ಷೆ ಮಾಡುತ್ತಿದ್ದೇವೆ ಎಂಬ ಎಚ್ಚರ ಇರುವಾಗ ಮೈಮರೆಯುವುದು ಹೇಗೆ? “ಕಾಲು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಕೂತ್ಕೊಳ್ಳಿ” ಎಂದು ಜಗಲಿಯಿಂದ ಒಬ್ಬರು ಸಲಹೆ ಕೊಟ್ಟರು. ಕೊನೆಗೆ ಮಾವನೇ ಕೂತರು. ಬೊಂಬೆಗೆ ಇನ್ನೂ ಒಂದು ಬಸ್ಸು ಹಿಡಿಸುವಷ್ಟು ದೂರವಿರುವಾಗಲೇ ಅವರ ಕಾಲು ಬ್ರೇಕಿನ ಮೇಲಿತ್ತು. “ಖಾಕಿ ಕಂಡ್ರೆ ಹೆಂಗ್ರೀ ಗುದ್ದೋದು” ಎಂದರು.

ಪರೀಕ್ಷೆ ರದ್ದಾಯಿತು. ಮಾವ ಪಕ್ಕದ ಸೀಟಿಗೆ ಬಂದು ಅತ್ತೆ ಕೊಟ್ಟ ಕಾಫಿ ಹಿಡಿದರು, ನಾನು ಕಾರನ್ನು ಹಿಂದಕ್ಕೆ ತೆಗೆದುಕೊಂಡೆ. ಅಷ್ಟರಲ್ಲಿ ಬೊಂಬೆಯೊಳಗಿನ ಹುಲ್ಲಿನ ವಾಸನೆ ಹಿಡಿದು ಪಕ್ಕದ ಮನೆಯ ಎಮ್ಮೆ ಹಿಂದಿನಿಂದ ಅಡ್ಡ ಬಂದಿದೆ. ನಮಗೆ ಕಾಣಲಿಲ್ಲ. ಕಾರಿಗೆ ಕಂಡಿತು. ಗಕ್ಕನೆ ನಿಂತಿತು. ಕಾಫಿ ಅಷ್ಟೂ ಮಾವನ ಬಿಳಿ ಪಂಚೆಯ ಮೇಲೆ. ಎಮ್ಮೆ ನಮ್ಮ ಕಡೆ ತಿರುಗಿಯೂ ನೋಡದೆ ಬೊಂಬೆಯ ಎಡತೋಳಿಗೆ ಬಾಯಿ ಹಾಕಿತು.

ಇದು ಸಣ್ಣ ಸಾಧನೆಯಲ್ಲ. ಸ್ವೀಡನ್ನಿನಲ್ಲಿ ದೊಡ್ಡ ಕೊಂಬಿನ ಮೂಸ್ ಪ್ರಾಣಿಗಳನ್ನು ನೋಡಿ ಕಲಿತಿದ್ದ ವೋಲ್ವೋ ಕಂಪನಿಯ ಇಂಥದ್ದೇ ವ್ಯವಸ್ಥೆ ಆಸ್ಟ್ರೇಲಿಯಾದ ಕಾಂಗರೂ ಎದುರು ಕಕ್ಕಾಬಿಕ್ಕಿಯಾಗಿತ್ತು ಎಂದು 2017ರಲ್ಲಿ ಸುದ್ದಿಯಾಗಿತ್ತು. ಕಾಂಗರೂ ಮೇಲೆ ನೆಗೆದಾಗ ದೂರ ಹೋದಂತೆ, ಕೆಳಗೆ ಬಂದಾಗ ಹತ್ತಿರವಾದಂತೆ ಅದಕ್ಕೆ ಕಂಡಿತಂತೆ. ನಮ್ಮ ಮಂಡ್ಯದ ಎಮ್ಮೆಗೆ ಅಂಥ ಚಾಳಿಯಿಲ್ಲ.

ಪಂಚೆ ಬದಲಿಸಿ ಬಂದ ಮಾವ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟು ತಟ್ಟಿ ತೀರ್ಪು ಕೊಟ್ಟರು.

“ಡ್ರೈವರ್ ಕೆಲಸಕ್ಕೆ ಟ್ರೈನಿಯಾಗಿ ಇಟ್ಕೋಬೋದು, ಅಳಿಯಂದ್ರೇ. ಕಂಡಕ್ಟರ್ ಕೆಲಸ ಮಾತ್ರ ಕೊಡಬೇಡಿ.”