ಒಬ್ಬರೇ ನಡೆದ ಸಂಸದ

ಗ್ರೀಸ್ ರಾಜಕಾರಣ ಅಂದ್ರೆ ಪ್ರಧಾನಿಗಳ ಹೆಸರೇ ಮೊದಲು ಬರುತ್ತದೆ. ವೆನಿಜೆಲೊಸ್, ಕರಮನ್ಲಿಸ್, ಪಪಂಡ್ರಿಯೊ. ನನಗೆ ಇವರೆಲ್ಲರಿಗಿಂತ ದೊಡ್ಡವರಾಗಿ ಕಾಣುವುದು ಪೂರ್ತಿ ಎರಡು ವರ್ಷವೂ ಸಂಸದರಾಗಿರದ ಒಬ್ಬ ಡಾಕ್ಟರು, ಗ್ರಿಗೋರಿಸ್ ಲಾಂಬ್ರಾಕಿಸ್.

1912ರಲ್ಲಿ ಕೆರಾಸಿತ್ಸಾ ಎಂಬ ಹಳ್ಳಿಯಲ್ಲಿ, ತುಂಬಾ ಮಕ್ಕಳಿದ್ದ ಬಡ ಮನೆಯಲ್ಲಿ ಹುಟ್ಟಿದವರು. ಉದ್ದ ಜಿಗಿತದಲ್ಲಿ ಅವರ ರಾಷ್ಟ್ರೀಯ ದಾಖಲೆ 23 ವರ್ಷ ಹಾಗೇ ಉಳಿದಿತ್ತು. 1936ರ ಬರ್ಲಿನ್ ಒಲಿಂಪಿಕ್ಸ್‌ಗೂ ಹೋಗಿದ್ದರು. ನಾಜಿಗಳು ಗ್ರೀಸನ್ನು ಹಿಡಿದಾಗ ಅಥೆನ್ಸ್‌ನಲ್ಲಿ ಜನ ಹಸಿವಿನಿಂದ ಬೀದಿಯಲ್ಲೇ ಸಾಯುತ್ತಿದ್ದರು. ಆಗ ಇವರು ಆಟಗಾರರನ್ನು ಸೇರಿಸಿ ಪಂದ್ಯ ಆಡಿಸಿ, ಬಂದ ಹಣವನ್ನು ಹಸಿದವರ ಊಟಕ್ಕೆ ಕೊಟ್ಟರು. ಮುಂದೆ ಸ್ತ್ರೀರೋಗ ತಜ್ಞರಾದ ಮೇಲೂ ಬಡವರಿಂದ ದುಡ್ಡು ತೆಗೆದುಕೊಳ್ಳದೆ ಚಿಕಿತ್ಸೆ ಕೊಡುತ್ತಿದ್ದರು.

1961ರಲ್ಲಿ ಎಡಪಕ್ಷದ ಬೆಂಬಲದಿಂದ ಪಿರೇಯಸ್‌ನಿಂದ ಗೆದ್ದರು. ಕಮ್ಯುನಿಸ್ಟರಿಗೂ ಸರ್ಕಾರಕ್ಕೂ ನಡೆದ ಅಂತರ್ಯುದ್ಧ ಮುಗಿದು ಹನ್ನೆರಡು ವರ್ಷ ಆಗಿತ್ತು, ಭಯ ಮಾತ್ರ ಮುಗಿದಿರಲಿಲ್ಲ. ಕಮ್ಯುನಿಸ್ಟ್ ಪಕ್ಷದ ಮೇಲೆ ನಿಷೇಧ. ಎಡಪಂಥೀಯ ಅನ್ನೋ ಗುಮಾನಿ ಬಂದರೆ ಸಾಕು, ಸರ್ಕಾರಿ ಕೆಲಸ ಸಿಗುತ್ತಿರಲಿಲ್ಲ. ಪೊಲೀಸರ ಬೆಂಬಲದಲ್ಲೇ ಬೆಳೆದ ಬಲಪಂಥೀಯ ಗೂಂಡಾ ಗುಂಪುಗಳು ಬೇರೆ.

1963ರ ಏಪ್ರಿಲ್ 21. ಅಣ್ವಸ್ತ್ರಗಳ ವಿರುದ್ಧ ಮ್ಯಾರಥಾನ್ ಎಂಬ ಊರಿನಿಂದ ಅಥೆನ್ಸ್‌ಗೆ ಶಾಂತಿ ನಡಿಗೆ ಆಗಬೇಕಿತ್ತು. ಸರ್ಕಾರ ನಿಷೇಧಿಸಿತು. ಹೊರಟವರನ್ನೆಲ್ಲ ಪೊಲೀಸರು ಹಿಡಿದರು. ಸಂಸದರನ್ನು ಬಂಧಿಸುವ ಹಾಗಿರಲಿಲ್ಲ, ಹಾಗಾಗಿ ಲಾಂಬ್ರಾಕಿಸ್ ಬ್ಯಾನರ್ ಹಿಡಿದು ಒಬ್ಬರೇ ನಡೆದರು. ಕೊನೆಗೆ ಅವರನ್ನೂ ಹಿಡಿದು ಕೂರಿಸಿದರು, ಅದು ಬೇರೆ ಮಾತು. ಸ್ಥಾನದ ಜೊತೆ ಬರುವ ರಕ್ಷಣೆಯನ್ನು ತಮ್ಮ ತಪ್ಪು ಮುಚ್ಚಿಕೊಳ್ಳಲು ಬಳಸುವವರೇ ಜಾಸ್ತಿ, ಅಲ್ವಾ? ಇವರು ಅದನ್ನು ಅಂಥ ರಕ್ಷಣೆ ಇಲ್ಲದವರ ಪರವಾಗಿ ಬೀದಿಗೆ ತಂದರು. ನಾನು ಅವರನ್ನು ನಾಯಕ ಅನ್ನುವುದು ಇದಕ್ಕೇ.

ಒಂದು ತಿಂಗಳ ನಂತರ, ಮೇ 22ರ ರಾತ್ರಿ, ಥೆಸಲೋನಿಕಿಯಲ್ಲಿ ಶಾಂತಿ ಸಭೆ ಮುಗಿಸಿ ಹೊರಬಂದರು. ಸುತ್ತ ಬೇಕಾದಷ್ಟು ಪೊಲೀಸರಿದ್ದರು. ಮೂರು ಚಕ್ರದ ಗಾಡಿಯೊಂದು ನುಗ್ಗಿ ಬಂತು, ಅದರ ಹಿಂಭಾಗದಲ್ಲಿ ನಿಂತಿದ್ದವನು ತಲೆಗೆ ದೊಣ್ಣೆಯಿಂದ ಹೊಡೆದ. ಐದು ದಿನಕ್ಕೆ ಲಾಂಬ್ರಾಕಿಸ್ ತೀರಿಕೊಂಡರು. ಅಥೆನ್ಸ್‌ನ ಅಂತ್ಯಯಾತ್ರೆಗೆ ಲಕ್ಷಗಟ್ಟಲೆ ಜನ ಬಂದರು. ಸಂಗೀತಗಾರ ಮಿಕಿಸ್ ಥಿಯೊಡೊರಾಕಿಸ್ ಮುಂದಾಳತ್ವದಲ್ಲಿ ಅವರ ಹೆಸರಿನ ಯುವಜನ ಸಂಘಟನೆ ಹುಟ್ಟಿತು.

ಇದನ್ನು ಅಪಘಾತ ಅಂತ ಮುಚ್ಚಿಹಾಕಲು ನೋಡಿದರು. ಅದು ಆಗದೆ ಹೋದದ್ದು ಇಬ್ಬರಿಂದ. ಸುಮ್ನೆ ನೋಡುತ್ತಾ ನಿಲ್ಲದೆ ಹೊಡೆದವರು ಓಡಿಹೋಗುತ್ತಿದ್ದ ಗಾಡಿಗೆ ಹಾರಿ ಹತ್ತಿದ ಒಬ್ಬ ಸಾಮಾನ್ಯ ಮನುಷ್ಯ, ಮತ್ತು ಯಾರ ಒತ್ತಡಕ್ಕೂ ಬಗ್ಗದ ತನಿಖಾ ನ್ಯಾಯಾಧೀಶ ಕ್ರಿಸ್ಟೋಸ್ ಸಾರ್ಟ್ಜೆಟಾಕಿಸ್. ಹೊಡೆದವರಿಗೆ ಶಿಕ್ಷೆಯಾಯಿತು. ಆರೋಪ ಹೊತ್ತಿದ್ದ ಪೊಲೀಸ್ ಅಧಿಕಾರಿಗಳು ಬಿಡುಗಡೆಯಾದರು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. 1967ರಲ್ಲಿ, ಅದೇ ಏಪ್ರಿಲ್ 21ರಂದು, ಸೇನೆ ಅಧಿಕಾರ ಕಿತ್ತುಕೊಂಡಿತು. ಸಾರ್ಟ್ಜೆಟಾಕಿಸ್ ಕೆಲಸ ಕಳೆದುಕೊಂಡು ಜೈಲಿಗೆ ಹೋದರು. ಅದೇ ಮನುಷ್ಯ 1985ರಲ್ಲಿ ದೇಶದ ಅಧ್ಯಕ್ಷರಾದರು.

ಇನ್ನೊಂದು ಹೆಸರನ್ನೂ ಹೇಳಲೇಬೇಕು. ಆ ರಾತ್ರಿ ಥೆಸಲೋನಿಕಿಯಲ್ಲಿ ಇನ್ನೊಬ್ಬ ಸಂಸದರಿಗೂ ಗೂಂಡಾಗಳು ಹೊಡೆದಿದ್ದರು, ಯೊರ್ಗೊಸ್ ತ್ಸರೂಖಾಸ್. ಅವರು ಬದುಕಿಕೊಂಡರು. 1968ರಲ್ಲಿ ಸೇನಾ ಸರ್ಕಾರದವರು ಬಂಧಿಸಿ, ಹಿಂಸೆ ಕೊಟ್ಟು ಕೊಂದರು. ಲಾಂಬ್ರಾಕಿಸ್ ಬಗ್ಗೆ ಬರೆಯುವವರು ಇವರನ್ನು ಮರೆಯಬಾರದು.