ಸಾಕ್ಷಿ ನಮ್ಮನೇಲಿ ಕಾಫಿ ಕುಡೀತಿದಾರೆ, ಕೋರ್ಟಿಗೆ ಮಾತ್ರ ಸಿಗ್ತಿಲ್ಲ

ನಮ್ಮ ಮೇಷ್ಟ್ರು ಪ್ರತಿ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಬಾರ್ಡರ್ ದಾಟಿ ನಮ್ಮನೆಗೆ ಬರ್ತಾರೆ. ರಿಟೈರ್ ಆದ್ಮೇಲೆ ಮನೆ ಕಟ್ಟಿರೋದು ತಮಿಳುನಾಡಿನ ಕಡೆ, ಟೋಲ್ ದಾಟಿ ಹತ್ತು ನಿಮಿಷ, ಆದ್ರೆ ಸೊಪ್ಪು ತರಕಾರಿಗೆ ನಮ್ಮೂರ ಸಂತೇನೇ ಆಗ್ಬೇಕು ಅವ್ರಿಗೆ. ಸಂತೆ ಮುಗಿಸಿ ನಮ್ಮನೇಲಿ ಒಂದು ಲೋಟ ಕಾಫಿ ಕುಡಿದು, ಪೇಪರಲ್ಲಿರೋ ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಪೆನ್ನಲ್ಲಿ ಗೆರೆ ಎಳೆದು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗ್ತಾರೆ. ಸಂತೇಲಿ ಕೊತ್ತಂಬರಿ ಮಾರೋ ಅಜ್ಜಿಗೂ ಮಂಗಳವಾರ ಅವರೆಲ್ಲಿರ್ತಾರೆ ಅಂತ ಗೊತ್ತು. ಗೊತ್ತಿಲ್ದೇ ಇರೋದು ಎರಡು ರಾಜ್ಯದ ಎರಡು ಕೋರ್ಟಿಗೆ ಮಾತ್ರ.

ವಿಷಯ ಏನಪ್ಪಾ ಅಂದ್ರೆ, ನಮ್ಮ ದೊಡ್ಡಪ್ಪ ಬೆಂಗಳೂರಲ್ಲಿರೋ ಒಂದು ಸೈಟ್ ಬಗ್ಗೆ ವಿಲ್ ಬರೆದಿಟ್ಟು ಹೋದ್ರು, ನಮ್ಮ ಚಿಕ್ಕಪ್ಪನ ಮಗ ಅದು ಸುಳ್ಳು ವಿಲ್ ಅಂತ ತಕರಾರು ತೆಗೆದ, ಕೇಸು ಬೆಂಗಳೂರಿನ ಒಂದು ಕೋರ್ಟಲ್ಲಿದೆ. ವಿಲ್ ರುಜುವಾತು ಮಾಡ್ಬೇಕಂದ್ರೆ ಅದಕ್ಕೆ ಸಾಕ್ಷಿ ಸಹಿ ಹಾಕಿದೋರಲ್ಲಿ ಒಬ್ಬರಾದ್ರೂ ಬಂದು ಹೌದು ಅನ್ಬೇಕು, ಅದು ಕಾನೂನು. ಸಹಿ ಹಾಕಿದೋರು ಇಬ್ಬರು. ಒಬ್ಬರು ದೊಡ್ಡಪ್ಪನ ಹಿಂದೇನೇ ಹೋದ್ರು. ಇನ್ನೊಬ್ಬರು ಈಗ ನನ್ನೆದುರು ಕೂತು 'ಮುಖ್ಯಮಂತ್ರಿ'ಗೆ 'ಖ' ಬಿಟ್ಟು 'ಕ' ಹಾಕಿದಾನೆ ನೋಡಯ್ಯಾ ಇವ್ನು ಅಂತ ಬೈತಾ ಇದಾರೆ.

ಹಾಗಾದ್ರೆ ನೇರ ಕರ್ಕೊಂಡು ಹೋಗಿ ಹೇಳಿಸ್ಬಾರ್ದಾ ಅಂತ ನೀವು ಕೇಳಬಹುದು. ಸಮನ್ಸ್ ಇಲ್ದೇ ಸಾಕ್ಷೀನ ಕರ್ಕೊಂಡು ಬರೋಕೂ ಕಾನೂನಲ್ಲಿ ಅವಕಾಶ ಇದೆ. ಮೇಷ್ಟ್ರು ಒಪ್ಪಲ್ಲ. "ನಿಂಗೂ ಪಾಠ ಹೇಳಿದೀನಿ, ನಿನ್ನ ಚಿಕ್ಕಪ್ಪನ ಮಗನಿಗೂ ಹೇಳಿದೀನಿ. ನಿನ್ನ ಸ್ಕೂಟರ್ ಹಿಂದೆ ಕೂತು ಕೋರ್ಟಿಗೆ ಬಂದ್ರೆ ಕಾಫಿಗೆ ಮಾರಿಕೊಂಡ ಅಂತಾರೆ. ಕೋರ್ಟು ಕರೀಲಿ, ಬರ್ತೀನಿ." ಮಾತೇನೋ ಸರಿ. ನಮ್ಮ ವಕೀಲರೂ ಸರಿ ಅಂದ್ರು, ಸಮನ್ಸಿಗೆ ಬತ್ತಾ, ಅಂದ್ರೆ ಸಾಕ್ಷಿ ಬಂದುಹೋಗೋ ಖರ್ಚು, ಕಟ್ಟಿ ಅಂದ್ರು, ಕಟ್ಟಿದೆ.

ಅಲ್ಲಿಂದ ಶುರುವಾಯ್ತು ನೋಡಿ ಆ ಕಾಗದದ ತೀರ್ಥಯಾತ್ರೆ.

ನಮ್ಮ ಕೋರ್ಟಿನ ಅಮೀನರು, ಅಂದ್ರೆ ಸಮನ್ಸ್ ಮುಟ್ಟಿಸೋ ಸಿಬ್ಬಂದಿ, ಬಾರ್ಡರ್ ದಾಟಿ ಹೋಗಿ ಕೊಟ್ಟು ಬರೋದಿಲ್ಲ. ಸಿವಿಲ್ ಪ್ರೊಸೀಜರ್ ಕೋಡ್‌ನ ಸೆಕ್ಷನ್ 28ರ ಪ್ರಕಾರ ಬೇರೆ ರಾಜ್ಯದಲ್ಲಿರೋರಿಗೆ ಸಮನ್ಸನ್ನ ಅಲ್ಲಿನ ಕೋರ್ಟಿಗೆ ಕಳಿಸ್ಬೇಕು, ಆ ಕೋರ್ಟು ಅದನ್ನ ತಾನೇ ಹೊರಡಿಸಿದ ಸಮನ್ಸು ಅಂತ ಭಾವಿಸಿ ಜಾರಿ ಮಾಡಿ, ಏನಾಯ್ತು ಅನ್ನೋ ದಾಖಲೆ ಸಮೇತ ಹಿಂದಿರುಗಿಸ್ಬೇಕು. ಸಾಕ್ಷಿ ಸಮನ್ಸಿಗೂ ಇದೇ ನಿಯಮ. ತಾನೇ ಹೊರಡಿಸಿದ್ದು ಅಂತ ಭಾವಿಸೋದು ಅಂದ್ರೆ ದತ್ತು ಮಗು ಥರ ನೋಡ್ಕೊಳ್ಳೋದು ಅಂದ್ಕೊಂಡಿದ್ದೆ. ದತ್ತು ಏನೋ ತಗೊಂಡ್ರು, ಆದ್ರೆ ಊಟ ಎಲ್ಲ ಆ ಮನೆ ಮಕ್ಕಳದ್ದು ಮುಗಿದ್ಮೇಲೆ.

ಮೂರು ತಿಂಗಳಾದ್ಮೇಲೆ ಆ ಕಡೆ ಅಮೀನರು ಮೇಷ್ಟ್ರ ಮನೆಗೆ ಹೋದ್ರು. ಯಾವಾಗ? ಮಂಗಳವಾರ. ಆ ಏರಿಯಾಗೆ ಅವರ ಸರದಿ ಇರೋದೇ ಮಂಗಳವಾರ. ಮೇಷ್ಟ್ರು ನಮ್ಮನೇಲಿ, ಅವರ ಮನೆಯೋರು ದೇವಸ್ಥಾನದಲ್ಲಿ, ಮನೇಲಿದ್ದಿದ್ದು ಕೆಲಸದ ಹೆಂಗಸೊಬ್ರು. ಅದೇ ಕೋಡ್‌ನ ಆರ್ಡರ್ 5 ರೂಲ್ 15ಕ್ಕೆ ಅಂತಾನೇ ಒಂದು ವಿವರಣೆ ಹಾಕಿದಾರೆ, ಕೆಲಸದವರು ಕುಟುಂಬದ ಸದಸ್ಯರಲ್ಲ ಅಂತ. ಹದಿನೆಂಟು ವರ್ಷದಿಂದ ಆ ಮನೆ ಬೀಗದ ಕೈ ಇಟ್ಕೊಂಡಿರೋ ಹೆಂಗಸು, ಸಮನ್ಸಿನ ಮಟ್ಟಿಗೆ ಯಾರೂ ಅಲ್ಲ. (ಕ್ರಿಮಿನಲ್ ಕೇಸಾಗಿದ್ರೆ ಇನ್ನೂ ಚೆನ್ನಾಗಿತ್ತು, ಹಳೇ ಸಿಆರ್‌ಪಿಸಿಯಲ್ಲಿ ಮನೆಯ ವಯಸ್ಕ *ಗಂಡಸು* ಮಾತ್ರ ತಗೋಬಹುದಿತ್ತು, ಹೆಂಡ್ತಿ ಬಾಗಿಲಲ್ಲೇ ನಿಂತಿದ್ರೂ ಲೆಕ್ಕಕ್ಕಿಲ್ಲ. 2024ರ ಜುಲೈ 1ಕ್ಕೆ ಹೊಸ ಸಂಹಿತೆ ಬಂದ್ಮೇಲೆ ಹೆಂಗಸರಿಗೂ ಸಮನ್ಸ್ ಇಸ್ಕೊಳ್ಳೋ ಯೋಗ್ಯತೆ ಬಂತು. ಚಂದ್ರಯಾನ 3 ಇಳಿದ ಮಾರನೇ ವರ್ಷ.) ಅಮೀನರ ಕೈಯಲ್ಲಿ ಈಗ ಸಮನ್ಸ್ ಜಾರಿ ದಾಖಲಿಸೋ ಎನ್‌ಸ್ಟೆಪ್ ಅಂತ ಆಪ್ ಇರೋ ಫೋನ್ ಬೇರೆ ಇರುತ್ತೆ, ಜಿಪಿಎಸ್ ಸಮೇತ. ಮೊದಲೆಲ್ಲ ಮನೇಲಿಲ್ಲ ಅಂತ ಬರೀ ಬಾಯಲ್ಲಿ ಹೇಳ್ತಿದ್ರು, ಈಗ ಅಕ್ಷಾಂಶ ರೇಖಾಂಶ ಸಮೇತ ಇಲ್ಲ.

ಶರಾ ಬರೆದ್ರು, ತಮಿಳಲ್ಲಿ. ಇಲ್ಲಿ ನಿಜವಾದ ಮಜಾ. ಸೆಕ್ಷನ್ 28ರ ಮೂರನೇ ಉಪಕಲಂ ಹೇಳೋದೇನಂದ್ರೆ, ಸಮನ್ಸಿನ ಭಾಷೆ ಒಂದು, ವಾಪಸ್ ಬರೋ ದಾಖಲೆಯ ಭಾಷೆ ಇನ್ನೊಂದು ಆದ್ರೆ, ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸ್ಬೇಕು. ಅಂದ್ರೆ ತಮಿಳಲ್ಲಿ ಬರೆದಿರೋ 'ಆಸಾಮಿ ಸಿಕ್ಕಿಲ್ಲ' ಅನ್ನೋದನ್ನ ಕನ್ನಡದ ಕೋರ್ಟಿಗೆ ತಿಳಿಸೋಕೆ ಹಿಂದಿಗೆ ಹೋಗಿ ಬರಬಹುದು! ಆ ಬಾರ್ಡರ್ ಊರಲ್ಲಿ ಟೀ ಅಂಗಡಿ ಹುಡುಗನೂ ತಮಿಳು ಕನ್ನಡ ತೆಲುಗು ಮೂರೂ ಒಂದೇ ಉಸಿರಲ್ಲಿ ಮಾತಾಡ್ತಾನೆ. ತಮಿಳುನಾಡಿನ ಗುಮಾಸ್ತರು ಕರ್ನಾಟಕದ ಗುಮಾಸ್ತರಿಗೆ ಹಿಂದೀಲಿ ಪತ್ರ ಬರೆಯೋ ದೃಶ್ಯ ಯಾರ ಕನಸಲ್ಲಿ ಬಂತೋ, 1976ರಲ್ಲಿ ಸೇರಿಸಿದಾರೆ. ಪುಣ್ಯಕ್ಕೆ ನಮಗೆ ಇಂಗ್ಲಿಷಲ್ಲಿ ಬಂತು. ಒಂದು ಸಾಲು. ಅದಕ್ಕೆ ಎರಡು ವಾಯಿದೆ ಹೋಯ್ತು.

ನಾನು ವಕೀಲರಿಗೆ ಅಂದೆ, "ಸಾರ್, ಆ ಸಮನ್ಸ್ ನನ್ ಕೈಗೇ ಕೊಡ್ಸಿ, ಮುಂದಿನ ಮಂಗಳವಾರ ಕಾಫಿ ಜೊತೆ ಕೊಟ್ಟು ಸಹಿ ತಗೋತೀನಿ." ಅವರು ಖುಷಿಯಿಂದ "ಇದೆ ಇದೆ, ಆರ್ಡರ್ 16 ರೂಲ್ 7ಎ, ಹ್ಯಾಂಡ್ ಸಮನ್ಸ್, ಅಪ್ಲಿಕೇಶನ್ ಹಾಕೋಣ" ಅಂದ್ರು. ಹಾಕಿದ್ವಿ. ಚಿಕ್ಕಪ್ಪನ ಮಗನ ಕಡೆ ವಕೀಲರು ಆಕ್ಷೇಪಣೆಗೆ ಟೈಮ್ ಕೇಳಿದ್ರು. ಕೊಟ್ರು. ಇನ್ನೂ ಕೇಳ್ತಾನೇ ಇದಾರೆ.

ಪೋಸ್ಟಲ್ಲಿ ಕಳಿಸಿ ಅಂದ್ರೆ, ಆರ್‌ಪಿಎಡಿ ಅಂತ ನಾವೆಲ್ಲ ಜಪ ಮಾಡೋ ಆ ರಿಜಿಸ್ಟರ್ಡ್ ಪೋಸ್ಟನ್ನ ಅಂಚೆ ಇಲಾಖೆ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿದೆ. ಕೋಡಲ್ಲಿ ಮಾತ್ರ ಇನ್ನೂ ಫ್ಯಾಕ್ಸ್ ಅಂತಾನೂ ಇದೆ. ನಮ್ಮೂರಲ್ಲಿ ಫ್ಯಾಕ್ಸ್ ಮಷೀನ್ ಇರೋದು ಒಂದು ಗುಜರಿ ಅಂಗಡೀಲಿ, ನೋಡಿದೀನಿ.

ಈ ಮಧ್ಯೆ ಏನಾಯ್ತು ಗೊತ್ತಾ, ಮೇಷ್ಟ್ರಿಗೆ ಸಮನ್ಸ್ ಬಂತು! ವಾಟ್ಸಾಪಲ್ಲಿ. ಸಿಂಹದ ಲಾಂಛನ, ಕೆಂಪು ಮೊಹರು, ಇಂಗ್ಲಿಷು ಹಿಂದಿ ಎರಡರಲ್ಲೂ (ಸೆಕ್ಷನ್ 28ನ್ನ ಅಕ್ಷರಶಃ ಪಾಲಿಸಿದೋರನ್ನ ನಾನು ನೋಡಿದ್ದು ಇವರನ್ನೇ), ನಿಮ್ಮ ಹೆಸರಲ್ಲಿ ಮುಂಬೈಯಲ್ಲಿ ಪಾರ್ಸೆಲ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದೀರಿ ಅಂತ. ಎರಡೇ ನಿಮಿಷಕ್ಕೆ ವಿಡಿಯೋ ಕಾಲ್, ಆ ಕಡೆ ಯೂನಿಫಾರಂ ಹಾಕ್ಕೊಂಡು ಒಬ್ಬ. ಮೂರು ರಾಜ್ಯ ದಾಟಿ, ಯಾವ ಕೋರ್ಟನ್ನೂ ಕೇಳದೆ, ಭಾಷಾಂತರ ಸಮೇತ, ಕರೆಕ್ಟಾಗಿ ಅವರ ಕೈಗೇ ಜಾರಿ. 2024ರ ಅಕ್ಟೋಬರಲ್ಲಿ ಪ್ರಧಾನಿಯವರೇ ರೇಡಿಯೋದಲ್ಲಿ ಕಾನೂನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ ಅಂತ ಹೇಳಿದ್ರು ನೋಡಿ, ಅದು ಮೇಷ್ಟ್ರಿಗೆ ನೆನಪಿತ್ತು. "ನೋಡಪ್ಪಾ, ನನಗೆ ಬರ್ಬೇಕಾಗಿರೋ ಅಸಲಿ ಸಮನ್ಸೇ ಎಂಟು ತಿಂಗಳಿಂದ ಹನ್ನೆರಡು ಕಿಲೋಮೀಟರ್ ದಾಟಿಲ್ಲ. ನೀನು ಎರಡು ನಿಮಿಷಕ್ಕೆ ಬಂದಿದೀಯ ಅಂದ್ಮೇಲೆ ಸರ್ಕಾರದೋನಲ್ಲ" ಅಂತ ಕಟ್ ಮಾಡಿದ್ರಂತೆ. ಇಲಾಖೆಗಳು ಕೋಟಿ ಖರ್ಚು ಮಾಡಿ ಜಾಗೃತಿ ಮೂಡಿಸೋದು ಬೇಡ, ಅಸಲಿ ಹೀಗೇ ನಿಧಾನವಾಗಿದ್ರೆ ಸಾಕು, ನಕಲಿ ಯಾವ್ದು ಅಂತ ಜನಕ್ಕೆ ತಾನಾಗೇ ತಿಳಿಯುತ್ತೆ.

ಅಸಲಿಯನ್ನೂ ವಾಟ್ಸಾಪಲ್ಲಿ ಕಳಿಸಬಹುದಲ್ಲ? ಕೋವಿಡ್ ಟೈಮಲ್ಲಿ, 2020ರ ಜುಲೈನಲ್ಲಿ, ಸುಪ್ರೀಂ ಕೋರ್ಟು ಇಮೇಲ್ ಜೊತೆಗೆ ವಾಟ್ಸಾಪ್ ಟೆಲಿಗ್ರಾಮಲ್ಲೂ ಕಳಿಸಿ ಅಂದಿತ್ತು. 2025ರ ಜನವರಿಯಲ್ಲಿ ಅದೇ ಕೋರ್ಟು ಪೊಲೀಸರಿಗೆ, ಆರೋಪಿಗೆ ಹಾಜರಾಗೋಕೆ ಕೊಡೋ ನೋಟಿಸನ್ನ ವಾಟ್ಸಾಪಲ್ಲಿ ಕಳಿಸ್ಬೇಡಿ ಅಂತು. ಎರಡಕ್ಕೂ ಅವುಗಳದ್ದೇ ಕಾರಣ ಇದೆ, ಒಪ್ತೀನಿ, ಆದ್ರೆ ಸಿಬ್ಬಂದಿ ಪಾಡು ನೋಡಿ, ಯಾವ ಕಾಗದಕ್ಕೆ ನೀಲಿ ಟಿಕ್ ಲೆಕ್ಕ, ಯಾವ ಕಾಗದಕ್ಕಿಲ್ಲ ಅಂತ ಪಟ್ಟಿ ಇಟ್ಕೋಬೇಕು. ಪಟ್ಟಿ ಹುಡುಕೋ ಬದಲು ಹಳೇ ಥರಾನೇ ತಪಾಲಿಗೆ ಹಾಕೋದು ವಾಸಿ ಅನ್ಸೋದ್ರಲ್ಲಿ ತಪ್ಪೇನಿಲ್ಲ.

ನಮ್ಮ ಅಕ್ಕನ ಮಗ ಅಮೆರಿಕದಲ್ಲಿದಾನೆ. ಅವನಿಗೆ ಹೇಳಿದ್ರೆ ನಗ್ತಾನೆ. ಅಲ್ಲೂ ಒಂದು ರಾಜ್ಯದ ಕೋರ್ಟಿನ ಮಾತು ಇನ್ನೊಂದು ರಾಜ್ಯದಲ್ಲಿ ನಡೆಯಲ್ಲ, ಪಕ್ಕದ ರಾಜ್ಯದ ಸಬ್‌ಪೀನಾನೂ (ಅಲ್ಲಿನ ಸಾಕ್ಷಿ ಸಮನ್ಸು) ಅವರ ಕಾನೂನಿನ ಭಾಷೇಲಿ 'ಫಾರಿನ್'! ಐವತ್ತು ರಾಜ್ಯ, ಐವತ್ತು ಥರ ಕಾನೂನು. ಆದ್ರೆ 2007ರಲ್ಲಿ ಒಂದು ಮಾದರಿ ಕಾಯ್ದೆ ಮಾಡ್ಕೊಂಡ್ರು, ಬಹುಪಾಲು ರಾಜ್ಯಗಳು ಒಪ್ಪಿದ್ವು. ಸಾಕ್ಷಿ ಇರೋ ಕಡೆಯ ಕೋರ್ಟಿನ ಗುಮಾಸ್ತರಿಗೆ ಆ ಸಬ್‌ಪೀನಾ ಕೊಟ್ರೆ, ಅವರು ಅದೇ ಒಕ್ಕಣೆ ಹಾಕಿ ತಮ್ಮ ಕೋರ್ಟಿನ ಹೆಸರಲ್ಲಿ ಒಂದು ಹೊರಡಿಸ್ತಾರೆ, ಆ ಹಂತದಲ್ಲಿ ಜಡ್ಜ್ ಹತ್ರ ಹೋಗೋದೇ ಬೇಡ. ನಮ್ಮಲ್ಲಿ ಇಡೀ ದೇಶಕ್ಕೆ 1908ರ ಒಂದೇ ಕೋಡು, ಮೇಲೆ ಒಂದೇ ಸುಪ್ರೀಂ ಕೋರ್ಟು. ಒಂದೇ ತೆರಿಗೆ ಆಯ್ತು, ರೇಷನ್ ಕಾರ್ಡೂ ಒಂದೇ ಆಯ್ತು, ಟೊಮೇಟೊ ಲಾರಿ ಫಾಸ್ಟ್ಯಾಗಲ್ಲಿ ನಿಲ್ಲದೇ ಹೋಗುತ್ತೆ. ಎರಡು ಹಾಳೆ ಕಾಗದ ಮಾತ್ರ ಟೋಲ್ ಹತ್ರ ನಿಂತಿದೆ.

ವಕೀಲರಿಗೆ ಇದೆಲ್ಲ ಏನೂ ಅನ್ಸಲ್ಲ. "ನಿಮ್ದೊಂದು ಸಮನ್ಸ್ ಸ್ವಾಮಿ. ನಾನು ಚೆಕ್ ಬೌನ್ಸ್ ಫೈಲ್‌ಗಳೇ ಊರೂರು ಸುತ್ತಿದ್ದನ್ನ ನೋಡಿದೀನಿ" ಅಂತಾರೆ. ನಿಜಾನೇ. 1999ರ ತೀರ್ಪಿನ ಪ್ರಕಾರ ಚೆಕ್ ಕೇಸನ್ನ ಐದು ಜಾಗದಲ್ಲಿ ಎಲ್ಲಿ ಬೇಕಾದ್ರೂ ಹಾಕಬಹುದಿತ್ತು. 2014ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟು, ಇಲ್ಲ, ಚೆಕ್ ಕೊಟ್ಟೋನ ಬ್ಯಾಂಕ್ ಇರೋ ಊರಲ್ಲೇ ಹಾಕಿ ಅಂತು, ದೇಶದಾದ್ಯಂತ ಫೈಲುಗಳು ಗಂಟುಮೂಟೆ ಕಟ್ಟಿದ್ವು. 2015ರಲ್ಲಿ ಸರ್ಕಾರ ತಿದ್ದುಪಡಿ ತಂದು, ಇಲ್ಲಿಲ್ಲ, ತಗೊಂಡೋನ ಬ್ಯಾಂಕ್ ಇರೋ ಊರಲ್ಲಿ ಅಂತು, ಹೋದವು ಮತ್ತೆ ಹೊರಟ್ವು. 2019ರ ಕೊನೆಗೆ ಕೆಳಗಿನ ಕೋರ್ಟುಗಳಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸಲ್ಲಿ 35.16 ಲಕ್ಷ ಬರೀ ಚೆಕ್ ಬೌನ್ಸು, ಅದರಲ್ಲಿ ದೊಡ್ಡ ತಲೆನೋವೇ ಆರೋಪಿಗೆ ಸಮನ್ಸ್ ಮುಟ್ಟಿಸೋದು. ಫೈಲು ಟೂರ್ ಹೋಗುತ್ತೆ, ಆಸಾಮಿ ಮನೇಲೇ ಇರ್ತಾನೆ.

ಇರ್ಲಿ. ಹೋದ ತಿಂಗಳು ಮೇಷ್ಟ್ರು ಹೊಸ ವಿಷಯ ತೆಗೆದ್ರು. ಹೈದರಾಬಾದಲ್ಲಿರೋ ಮಗಳ ಮನೆಗೆ ಹೋಗಿ ಇದ್ಬಿಡ್ತಾರಂತೆ. ನನ್ನ ಎದೆ ಧಸಕ್ ಅಂತು. ವಕೀಲರ ಹತ್ರ ಓಡಿದೆ. ಅವರು ಆರ್ಡರ್ 16 ರೂಲ್ 19 ತೆಗೆದು ಓದಿದ್ರು, ನಾನು ಎರಡು ಸಲ ಓದಿಸಿದೆ, ನಂಬಿಕೆ ಬರ್ಲಿಲ್ಲ. ಕೋರ್ಟಿನ ವ್ಯಾಪ್ತಿಯಾಚೆ ಇರೋ ಸಾಕ್ಷೀನ ಖುದ್ದು ಬಾ ಅನ್ಬೇಕಂದ್ರೆ ಅವನು 100 ಕಿಲೋಮೀಟರ್ ಒಳಗಿರ್ಬೇಕು. ದಾರಿಯ ಆರರಲ್ಲಿ ಐದು ಪಾಲು ರೈಲೋ *ಸ್ಟೀಮರೋ* ಬಸ್ಸೋ ಇದ್ರೆ 500 ಒಳಗೆ. ಅದಕ್ಕೂ ಆಚೆ ಅಂದ್ರೆ, ವಿಮಾನ ಇರ್ಬೇಕು, ಸಾಕ್ಷಿಗೆ ವಿಮಾನದ ಟಿಕೆಟ್ ದುಡ್ಡು ಕೊಡ್ಬೇಕು. ಆರರಲ್ಲಿ ಐದು! ಸ್ಟೀಮರ್! ಈ ಲೆಕ್ಕದಲ್ಲಿ ಬೇರೆ ರಾಜ್ಯದ ಚೆನ್ನೈಯೋರು ಬಾಯ್ಮುಚ್ಚಿಕೊಂಡು ಬರ್ಬೇಕು, ನಮ್ಮದೇ ಬೀದರಿನೋರು ವಿಮಾನದ ದುಡ್ಡು ಕೊಡದಿದ್ರೆ ಬೆಂಗಳೂರಿಗೆ ಬರಲ್ಲ ಅನ್ಬಹುದು.

ದೂರ ಅಳೆಯೋದು ಹೇಗೆ? ಅದಕ್ಕೆ ಇನ್ನೊಂದು ಹಳೇ ಕಾಯ್ದೆ, 1897ರ ಜನರಲ್ ಕ್ಲಾಸಸ್ ಆಕ್ಟ್. ಬೇರೆ ಉದ್ದೇಶ ಕಾಣದಿದ್ರೆ ಯಾವ ಕಾಯ್ದೆಯಲ್ಲಾದ್ರೂ ದೂರ ಅಂದ್ರೆ ಸಮತಟ್ಟಾದ ನೆಲದ ಮೇಲೆ ಎಳೆದ ನೇರ ಗೆರೆ. ರಾತ್ರಿ ಕೂತು ಮ್ಯಾಪಲ್ಲಿ ಬೆಂಗಳೂರು ಮಧ್ಯದಿಂದ ಗೆರೆ ಎಳೆದೆ. ಚಾರ್‌ಮಿನಾರ್ ಹತ್ತಿರ ಹತ್ತಿರ 495 ಕಿಲೋಮೀಟರ್. ಸಿಕಂದರಾಬಾದ್ ಸ್ಟೇಷನ್ ಹತ್ತಿರ ಹತ್ತಿರ 503. ಅಂದ್ರೆ ಆ 500ರ ಗೆರೆ ಹೈದರಾಬಾದ್ ಊರೊಳಗೇ ಹಾದು ಹೋಗುತ್ತೆ! ಈ ಕಡೆ ಬಿರಿಯಾನಿ ತಿನ್ನೋನು ರೈಲು ಹತ್ತಿ ಬರ್ಬೇಕು, ಆ ಕಡೆ ಇರಾನಿ ಚಾಯ್ ಕುಡಿಯೋನಿಗೆ ನಾನು ವಿಮಾನ ಹತ್ತಿಸ್ಬೇಕು. ಹೌದು, ದುಡ್ಡು ಕೋರ್ಟು ಕೊಡಲ್ಲ, ಕರೆಸೋ ಪಾರ್ಟಿ, ಅಂದ್ರೆ ನಾನು.

ಮಂಗಳವಾರ ಮೇಷ್ಟ್ರ ಮುಂದೆ ಬಾಯ್ತಪ್ಪಿ ಇದನ್ನ ಅಂದ್ಬಿಟ್ಟೆ. ಕೆಂಪು ಪೆನ್ನು ಕೆಳಗಿಟ್ರು. "ಹೌದೇನಯ್ಯಾ? ನಾನು ಈ ಜನ್ಮದಲ್ಲಿ ವಿಮಾನ ಹತ್ತಿಲ್ಲ" ಅಂದ್ರು. ಅಮೀನರು ಅದೇ ಹೊತ್ತಿಗೆ ಎರಡನೇ ಸಲ ಅವರ ಮನೆ ಬೀಗದ ಫೋಟೋ ತೆಗೀತಿದ್ರಂತೆ, ಆಮೇಲೆ ಗೊತ್ತಾಯ್ತು.

ಮಗಳು ಅಲ್ಲಿ ಬಾಡಿಗೆ ಮನೆ ಬದಲಾಯಿಸ್ತಿದಾಳಂತೆ, ಇನ್ನೂ ಯಾವ್ದೂ ಸೆಟ್ ಆಗಿಲ್ಲ. ಅಪ್ಪ ಫೋನ್ ಮಾಡಿ ಸಿಕಂದರಾಬಾದ್ ಕಡೆ ನೋಡಮ್ಮ, ಗಾಳಿ ಬೆಳಕು ಚೆನ್ನಾಗಿದೆಯಂತೆ ಅಂದಿದಾರೆ. ನಾನೂ ಫೋನ್ ಮಾಡಿದೆ. ಚಾರ್‌ಮಿನಾರ್ ಹತ್ರಾನೇ ಮನೆ ಮಾಡಮ್ಮ, ಬಳೆ ಬಹಳ ಚೆನ್ನಾಗಿ ಸಿಗುತ್ತೆ ಅಂದಿದೀನಿ.