ಖಡಕ್ ರೊಟ್ಟಿಯ ಸಾಕ್ಷಿ

ನಮ್ಮ ಸಂಸಾರದಲ್ಲಿ ಮೂವತ್ತೆರಡು ವರ್ಷಗಳಿಂದ ಬಾಯಿಮಾತಿನ ಕರಾರೊಂದು ನಡೆದುಕೊಂಡು ಬಂದಿದೆ. ಹೊಸ್ತಿಲ ಒಳಗಿನ ಆಡಳಿತ ನನ್ನದು, ಸ್ಟೇರಿಂಗಿನ ಆಡಳಿತ ನಮ್ಮ ಯಜಮಾನರದು. ನನಗೂ ಲೈಸೆನ್ಸ್ ಇದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಕಾರು ನುಗ್ಗಿಸಿ ತರಕಾರಿ ತಂದವಳು ನಾನು. ಆದರೂ ಇಬ್ಬರೂ ಕೂಡಿ ಹೊರಟ ದಿನ ಬಲಗಡೆಯ ಸೀಟು ಅವರದೇ ಎಂಬುದರಲ್ಲಿ ತಕರಾರು ಎದ್ದಿರಲಿಲ್ಲ. ಕರಾರು ಮುರಿದದ್ದು ಕಳೆದ ಜನವರಿಯಲ್ಲಿ, ಮನೆಗೇ ಗಾಲಿ ಬಂದಾಗ.

ನನ್ನ ಮೈದುನ ಹಳೆಯದೊಂದು ದೊಡ್ಡ ವ್ಯಾನು ಕೊಂಡು, ಆರ್.ಟಿ.ಓ. ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಓಡಾಡಿ, ಅದರೊಳಗೆ ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ, ಡಬ್ಬಿಗಳಿಗೊಂದು ಕಪಾಟು ಕೂಡಿಸಿದ್ದಾನೆ. ಉದ್ದ ಏಳು ಮೀಟರ್. “ವೈನಿ, ನೀವೂ ಅಣ್ಣನೂ ಬೀದರ್ ತನಕ ಒಮ್ಮೆ ಹೋಗಿ ಬರ್ರಿ. ಒಬ್ಬರೇ ನಡಸಬ್ಯಾಡ್ರಿ, ಪಾಳಿ ಹಚ್ಚಿಕೊಳ್ರಿ” ಎಂದು ಹೇಳಿ ಕೀಲಿಯನ್ನು ನನ್ನ ಕೈಗೆ ಕೊಟ್ಟ. ಅಣ್ಣನ ಕೈಗೆ ಕೊಡಬೇಕಾದ ಕೀಲಿಯನ್ನು ನನಗೇಕೆ ಕೊಟ್ಟನೆಂದು ಇವರು ಎರಡು ದಿನ ಯೋಚಿಸಿದರು.

ಮೂರನೆಯ ದಿನ ಅವರಿಗೆ ಕಾನೂನು ನೆನಪಾಯಿತು. ಇಷ್ಟು ದೊಡ್ಡ ಗಾಡಿಗೆ ನನ್ನ ಕಾರಿನ ಲೈಸೆನ್ಸ್ ಸಾಲದು ಎಂದರು. ಲಘು ಮೋಟಾರು ವಾಹನವೆಂದರೆ 7,500 ಕೆ.ಜಿ.ಯವರೆಗಿನದು, ಈ ವ್ಯಾನಿನ ತೂಕ ಅದಕ್ಕಿಂತ ಎಷ್ಟೋ ಕಡಿಮೆ. ಅಷ್ಟು ತೂಕದೊಳಗಿನ ಬಾಡಿಗೆಯ ಗಾಡಿಯನ್ನೂ ಅದೇ ಲೈಸೆನ್ಸಿನಲ್ಲಿ ನಡೆಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೇ ಹೇಳಿದೆ ಎಂದು ನಾನು ಉತ್ತರ ಕೊಟ್ಟೆ. ಐವರ ಹೆಸರು ಕೇಳಿದ ಮೇಲೆ ಅವರು ಪತ್ರಿಕೆ ಎತ್ತಿಕೊಂಡರು.

ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಈ ರಗಳೆಯೇ ಇಲ್ಲ. ಅಲ್ಲಿಯ ಗಾಲಿಮನೆಗಳಲ್ಲಿ ಕೆಲವು ನಮ್ಮ ಸಾರಿಗೆ ಬಸ್ಸನ್ನೂ ಮೀರಿಸಿ 40 ಅಡಿ ದಾಟುತ್ತವೆ. ಬಹುತೇಕ ರಾಜ್ಯಗಳಲ್ಲಿ 26,000 ಪೌಂಡ್, ಅಂದರೆ ಸುಮಾರು 11,800 ಕೆ.ಜಿ.ಯವರೆಗೆ ಸಾದಾ ಲೈಸೆನ್ಸೇ ನಡೆಯುತ್ತದೆ. ಅವಳೂ ಅವಳ ಗಂಡನೂ ಎರಡೆರಡು ತಾಸಿಗೆ ಪಾಳಿ ಬದಲಿಸುತ್ತಾರೆ. “ನಡು ಮರುಭೂಮಿಯೊಳಗ ಇವರ ಎದಿ ಹಿಡಕೊಂಡ್ರ ಮನಿ ತಿರುಗಿ ತರವರು ಯಾರಕ್ಕಾ?” ಎಂಬುದು ಅವಳ ವಾದ. ಕಲಬುರಗಿಯಿಂದ ಬೀದರಿಗೆ ಸುಮಾರು 110 ಕಿ.ಮೀ., ನಡುವೆ ಮರುಭೂಮಿ ಯಾವುದೂ ಇಲ್ಲ. ಆದರೂ ಆ ವಾದವನ್ನು ನಾನು ಹಾಗೆಯೇ ಎತ್ತಿಕೊಂಡೆ. ಹುಮನಾಬಾದಿನವರೆಗೆ ಅವರು, ಅಲ್ಲಿಂದ ನಾನು ಎಂದು ಗೊತ್ತಾಯಿತು.

ಹೊರಡುವ ಮುನ್ನ ಸಿಲಿಂಡರಿನ ವಾಲ್ವ್ ಮುಚ್ಚಿ, ಕಪಾಟಿಗೆ ಚಿಲಕ ಹಾಕಿ, ಹದಿನೈದು ಖಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ಮೇಲಿನ ಅಂಕಣದಲ್ಲಿಟ್ಟೆ. ಗಾಡಿ ಮನೆಯಾದಾಗ ಚಾಲಕನ ಪ್ರತಿಯೊಂದು ತಪ್ಪೂ ಅಡುಗೆಮನೆಗೆ ಕೇಳಿಸುತ್ತದೆ ಎಂಬುದು ಮಹಾಗಾಂವ್ ಕ್ರಾಸ್ ಬರುವಷ್ಟರಲ್ಲಿ ತಿಳಿಯಿತು. ಕಾರಿನಲ್ಲಾದರೆ ರಸ್ತೆಯುಬ್ಬು ಬೆನ್ನಿಗಷ್ಟೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ, ಮೊದಲು ಶೇಂಗಾ ಹಿಂಡಿಯ ಡಬ್ಬಿ ಕಟಕಟ ಎನ್ನುತ್ತದೆ, ಆಮೇಲೆ ಸ್ಟೀಲಿನ ತಾಟುಗಳು ಒಂದರ ಮೇಲೊಂದು ಸರಿಯುತ್ತವೆ, ಕೊನೆಗೆ ಸೌಟು ಜೋತಾಡಿ ಗೋಡೆಗೆ ಬಡಿಯುತ್ತದೆ. ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. “ಎಲ್ಲಾ ಕೇಳಸಲತ್ತದ, ನೀ ಸುಮ್ಮನ ಕೂಡು” ಎಂದು ಇವರು ಸುಮ್ಮನೇ ಕುಳಿತ ನನ್ನನ್ನು ಗದರಿದರು. ಕಮಲಾಪುರದಲ್ಲಿ ಗಾಡಿ ನಿಲ್ಲಿಸಿ, ಆ ಊರಿನ ಹೆಸರುವಾಸಿ ಕೆಂಪು ಬಾಳೆಹಣ್ಣನ್ನು ಕೇಳದೆಯೇ ಕೊಡಿಸಿದ್ದು ಈ ಗದರಿಕೆಯ ಲೆಕ್ಕಕ್ಕೇ ಇರಬೇಕು.

ಪುಣೆ–ಹೈದರಾಬಾದ್ ಹೆದ್ದಾರಿ ಅಡ್ಡ ಬರುವ ಹುಮನಾಬಾದಿನಲ್ಲಿ ಊಟಕ್ಕೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದರೆ ಮೂರು ಮುರಿದಿದ್ದವು. ಮುರಿದ ಮೂರನ್ನೂ, ಇಡಿಯಾದ ಎರಡನ್ನೂ ತಿಂದು ಮುಗಿಸಿದೆವು. ಉಳಿದ ಹತ್ತನ್ನು ಇವರು ನನ್ನೆದುರಿನಲ್ಲಿಯೇ ಎಣಿಸಿ ಕಟ್ಟಿದರು. ಆಮೇಲೆ ನಾನು ಬಲಗಡೆ ಹತ್ತಿ ಸೀಟು ಮುಂದೆ ಎಳೆದುಕೊಂಡೆ, ಕನ್ನಡಿ ಕೆಳಗೆ ಬಾಗಿಸಿದೆ. ಅವರ ಕನ್ನಡಿಯಲ್ಲಿ ಆಕಾಶವೇ ಹೆಚ್ಚಿತ್ತು.

ದೊಡ್ಡ ಗಾಡಿ ನಡೆಸುವುದು ಕಷ್ಟವಲ್ಲ, ಅದರ ಬಾಲದ ನೆನಪಿಟ್ಟುಕೊಳ್ಳುವುದು ಕಷ್ಟ. ತಿರುವಿನಲ್ಲಿ ಮುಂದಿನ ಗಾಲಿ ಹೋದ ದಾರಿಯಲ್ಲಿ ಹಿಂದಿನ ಗಾಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ; ಆದ್ದರಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿಸಬೇಕು. ಇದನ್ನು ನಾನು ಬೇಗ ಕಲಿತೆ. ಎಡಗಡೆ ಕುಳಿತವರು ಕಲಿಯಲಿಲ್ಲ. ಕಬ್ಬು ಹೇರಿಕೊಂಡು ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಪ್ರತಿ ಟ್ರ್ಯಾಕ್ಟರಿಗೂ “ಬರ್ಲತ್ತದ ನೋಡು, ಬರ್ಲತ್ತದ ನೋಡು” ಎಂದು ಬಾಗಿಲ ಹಿಡಿಕೆಯನ್ನು ಬಿಗಿಹಿಡಿಯುತ್ತಿದ್ದರು. ಅದು ಬರುತ್ತಿರುವುದು ನನಗೂ ಕಾಣುತ್ತಿತ್ತು. ಮೂವತ್ತೆರಡು ವರ್ಷ ಆ ಸೀಟಿನಲ್ಲಿ ಕುಳಿತ ನಾನು ಎಷ್ಟು ಹಿಡಿಕೆಗಳನ್ನು ಹೀಗೆ ಹಿಂಡಿದ್ದೇನೆಂದು ಅವರಿಗೆ ಹೇಳಲಿಲ್ಲ.

1888ರಲ್ಲಿ ಬರ್ತಾ ಬೆಂಜ್ ಎಂಬ ಜರ್ಮನ್ ಹೆಂಗಸು, ಗಂಡ ಕಾರ್ಲ್ ಬೆಂಜ್ ನಿರ್ಮಿಸಿದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ಹೊರಗೆ ತೆಗೆದು, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ ಹೋದಳು. ದೂರ ನೂರು ಕಿ.ಮೀ.ಗೂ ತುಸು ಹೆಚ್ಚು, ಹೆಚ್ಚುಕಡಿಮೆ ನಮ್ಮ ಬೀದರಿನಷ್ಟೇ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ಸವೆದ ಬ್ರೇಕಿಗೆ ಚಮ್ಮಾರರಿಂದ ತೊಗಲು ಹೊಡೆಸಿದಳು. ಹೋದದ್ದು ಎಲ್ಲಿಗೆ? ತವರುಮನೆಗೆ. ಮೋಟಾರು ಗಾಡಿಯ ಮೊಟ್ಟಮೊದಲ ದೂರಪ್ರಯಾಣ ತವರಿನ ದಾರಿ ಹಿಡಿಯಿತು ಎಂಬುದಕ್ಕಿಂತಲೂ, ಆಗ ಗಂಡ ಪಕ್ಕದಲ್ಲಿ ಇರಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಬೀದರ್ ಕೋಟೆಯ ದರವಾಜೆಗಳ ದಾರಿ, ಶತ್ರು ಒಮ್ಮೆಲೇ ನುಗ್ಗಬಾರದೆಂದು ಅಂಕುಡೊಂಕಾಗಿದೆ. ಅದರೊಳಗೆ ನಮ್ಮ ಮನೆಯನ್ನು ನುಗ್ಗಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹೊರಗಡೆ ಹಿಂದಕ್ಕೆ ಸರಿಸಿ ನಿಲ್ಲಿಸುವ ಕೆಲಸವನ್ನು ಅವರಿಗೇ ಬಿಟ್ಟು ನಾನು ಇಳಿದು ಹಿಂದೆ ನಿಂತೆ. ಲಾರಿಯ ಕ್ಲೀನರುಗಳು “ಬರ್ಲಿ, ಬರ್ಲಿ” ಎನ್ನುವುದರ ಜಾಣತನ ನನಗೆ ಆಗ ಅರ್ಥವಾಯಿತು. ಅಲ್ಲಿ ಬರಬೇಕಾದದ್ದು ಗಾಡಿ; ಚಾಲಕನಿಗೆ ಏಕವಚನವೋ ಬಹುವಚನವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಾನು ಹೆಂಡತಿಯ ಮರ್ಯಾದೆಯಲ್ಲಿ “ಬರ್ರಿ, ಬರ್ರಿ” ಎಂದು ಶುರು ಮಾಡಿದೆ. ಗೋಡೆ ಒಂದು ಮೊಳ ಉಳಿದಾಗ “ನಿಂದ್ರು!” ಎಂದು ಕೂಗಿಬಿಟ್ಟೆ. ಗಾಡಿ ಗಕ್ಕನೆ ನಿಂತಿತು. ಮದುವೆಯಾದ ಮೇಲೆ ಮೊದಲ ಸಲ ಅವರು ನನ್ನ ಮಾತನ್ನು ಮರುಪ್ರಶ್ನೆಯಿಲ್ಲದೆ ಕೇಳಿದ್ದರು.

ರಾತ್ರಿ ಗಂಟು ಬಿಚ್ಚಿದಾಗ ಹತ್ತರಲ್ಲಿ ನಾಲ್ಕು ಮುರಿದಿದ್ದವು. “ನನ್ನವು ಮೂರು, ನಿನ್ನವು ನಾಲ್ಕು” ಎಂದು ತುಂಡುಗಳನ್ನು ತಾಟಿನಲ್ಲಿ ಜೋಡಿಸಿ ತೋರಿಸಿದರು. ನಾಲ್ಕನೆಯದು ಕೊನೆಯ ಗಕ್ಕನೆ ಬ್ರೇಕಿನದೆಂದು ನಾನು ವಾದಿಸಿದೆ, ಒಪ್ಪಲಿಲ್ಲ. ಮೊಸರಿನಲ್ಲಿ ನೆನೆಸಿ ಸಾಕ್ಷಿಯನ್ನು ಇಬ್ಬರೂ ಕೂಡಿ ತಿಂದೆವು. ಇಡಿಯಾದ ಆರು ರೊಟ್ಟಿಗಳು ಬೆಳಿಗ್ಗೆ ಹಿಂಡಿಯ ಜೊತೆ ಮುಗಿದವು. ಖಾಲಿ ಬಟ್ಟೆಯನ್ನು ಝಾಡಿಸಿ ಮಡಚುತ್ತ ಇವರು ಎಡಗಡೆಯ ಬಾಗಿಲು ತೆಗೆದು ಹತ್ತಿ ಕುಳಿತರು.

“ಕಲಬುರಗಿ ತನಕ ನೀನೇ ನಡಸು. ಈಗ ಮುರಿಲಿಕ್ಕ ರೊಟ್ಟಿ ಉಳದಿಲ್ಲ.”